ದೇವರ ಪಟದ ಕೆಳಗಿನ ಎಂಬತ್ತೆಂಟು ಗೆರೆಗಳು

ಲಕ್ಷ್ಮೇಶ್ವರದ ಕಾಟಾ ಸುಳ್ಳು ಹೇಳತೊಡಗಿದ ವಾರ ನಾನು ಒಳಗೊಳಗೇ ಖುಷಿಯಾಗಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದಿದವರು ನನ್ನನ್ನು ಸಂಭಾವಿತ ಮನುಷ್ಯ ಅಂದುಕೊಳ್ಳುವ ಅಪಾಯವಿದೆ.

ಬೆಟಗೇರಿಯಲ್ಲಿರುವ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ದಲಾಲಿ ಅಂಗಡಿಗಳಿಗೆ ಎಲೆಕ್ಟ್ರಾನಿಕ್ ಕಾಟಾ ತಯಾರಿಸುತ್ತೇವೆ. ಹಲಗೆಯ ಮೇಲೆ ಚೀಲ ಇಟ್ಟರೆ ಪರದೆಯ ಮೇಲೆ ತೂಕ ಬರುತ್ತದೆ, ಪಕ್ಕದಿಂದ ಚೀಟಿ ಬರುತ್ತದೆ. ಕಾಟಾದ ಹೊಟ್ಟೆಯಲ್ಲಿ ಅಂಗೈಯಗಲದ ಕಂಪ್ಯೂಟರ್ ಬೋರ್ಡ್ ಇರುತ್ತದೆ. ಆ ಬೋರ್ಡಿನ ಮೆಮೊರಿಯನ್ನು, ಪರದೆಯನ್ನು, ತಂತಿಗಳನ್ನು ಯಾರಿಗೆ ಎಷ್ಟು ಎಂದು ಹಂಚುವ ಮೂಲ ತಂತ್ರಾಂಶಕ್ಕೆ ಕರ್ನಲ್ ಅನ್ನುತ್ತಾರೆ. ಒಂಬತ್ತು ವರ್ಷ ಆ ಕರ್ನಲ್ ನನ್ನೊಬ್ಬನ ಕೈಯಲ್ಲಿತ್ತು. ಅದನ್ನು ಮುಟ್ಟುವವರು ಬೇರೆ ಯಾರೂ ಇರಲಿಲ್ಲ. ಯಾವ ಗಿರಾಕಿ ಏನು ಕೇಳಿದರೂ ಮಾಲಕರು "ಒಂದ ಮಾತ ಇವನ್ನ ಕೇಳಿಬಿಡ್ರಿ" ಅನ್ನುತ್ತಿದ್ದರು. ಆ ಮಾತಿನ ರುಚಿ ನನಗೆ ಹತ್ತಿಬಿಟ್ಟಿತ್ತು.

ಆಮೇಲೆ ಡಂಬಳ ಊರಿನಾಕೆ ನಮ್ಮಲ್ಲಿ ಕೆಲಸಕ್ಕೆ ಬಂದಳು. ಮುಂಡರಗಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದವಳು, ನನಗಿಂತ ಹತ್ತು ವರ್ಷ ಸಣ್ಣವಳು. ಬಂದ ಮೊದಲ ದಿನವೇ ನನಗೆ "ಅಣ್ಣಾರ" ಅಂದಳು. ತೂಕ ಓದುವ ಕೆಲಸಕ್ಕೆ ಬೇರೆಯೇ ಒಂದು ಸಣ್ಣ ಚಿಪ್ ಹಾಕೋಣ ಅಂತ ಸೂಚಿಸಿದವಳು ಆಕೆಯೇ. ಮುಖ್ಯ ಬೋರ್ಡು ಚೀಟಿ, ಪರದೆ, ಸಂದೇಶ ನೋಡಿಕೊಳ್ಳಲಿ. ಈ ಚಿಪ್ ತೂಕವೊಂದನ್ನೇ ನೋಡಲಿ ಎಂಬುದು ಆಕೆಯ ಲೆಕ್ಕ. ಚೀಲ ಬಿದ್ದ ಹೊಡೆತಕ್ಕೆ ಹಲಗೆ ಅಲುಗಾಡುವಾಗಲೂ ತೂಕ ಗಟ್ಟಿಯಾಗಿ ನಿಲ್ಲತೊಡಗಿತು. ಮಾಲಕರು ಹಿಗ್ಗಿದರು. ಆ ದಿನ ಮಧ್ಯಾಹ್ನದ ರೊಟ್ಟಿಯನ್ನು ನಾನು ಹೊರಗೆ ಒಬ್ಬನೇ ಕೂತು ತಿಂದೆ.

ಆ ಚಿಪ್ ತನ್ನ ಓದುಗಳನ್ನು ಮುಖ್ಯ ಬೋರ್ಡಿನ ಮೆಮೊರಿಯ ಒಂದು ತುಂಡಿನಲ್ಲಿ ಬರೆಯಬೇಕಿತ್ತು. ಅದಕ್ಕೆ ಗೊತ್ತಿರುವುದು ಮೆಮೊರಿಯ ನಿಜವಾದ ವಿಳಾಸ ಮಾತ್ರ. ಉಳಿದ ಪ್ರೋಗ್ರಾಮುಗಳನ್ನು ಕರ್ನಲ್ ಎಲ್ಲಿಂದ ಎಲ್ಲಿಗೆ ಬೇಕಾದರೂ ಎತ್ತಿ ಇಡಬಹುದು, ಈ ತುಂಡನ್ನು ಇಡುವಂತಿಲ್ಲ. ಹಾಗಾಗಿ ಆ ಜಾಗವನ್ನು ಮೊದಲೇ ಕಾಯ್ದಿರಿಸಬೇಕು. ಚೀಟಿ ಮುದ್ರಿಸುವ ಭಾಗಕ್ಕೂ ಇಂಥದೇ ಜಾಗ ಬೇಕಿದ್ದುದರಿಂದ ಇದನ್ನೇ ನಾನು ಮಾಲಕರಿಗೆ ವರ್ಷಗಟ್ಟಲೆ ಹೇಳುತ್ತ ಬಂದಿದ್ದೆ. ಅವರು ತಲೆಯಾಡಿಸಿ ಚಹಾ ತರಿಸುತ್ತಿದ್ದರು.

ಆಕೆ ಬಂದ ಎರಡನೇ ವಾರ ಮಾಲಕರು ನನ್ನೆದುರೇ ಆಕೆಯನ್ನು ಕೇಳಿದರು: "ಅಲ್ಲವಾ ತಂಗಿ, ಈ ಮೆಮೊರಿ ಕಾಯ್ದಿಡೂದು ಅಂದ್ರ ಏನ? ಇಂವಾ ಭಾಳ ಸಲ ಹೇಳ್ಯಾನ, ನನಗ ಒಂದೂ ತಲಿಗಿ ಹೋಗಿಲ್ಲ."

"ಬಸ್ಸಿನ್ಯಾಗ ಸೀಟ್ ಹಿಡೀತಾರಲ್ರಿ, ಕಿಡಕ್ಯಾಗಿಂದ ವಲ್ಲಿ ಒಗದು, ಹಂಗ," ಅಂದಳು ಆಕೆ. "ಕರ್ನಲ್ ಅಂದ್ರ ಕಂಡಕ್ಟರ್ ಇದ್ದಂಗ್ರಿ. ಬಾಗಲಾ ತಗದು ಮಂದೀನ ಒಳಗ ಬಿಡೂಕಿಂತ ಮೊದಲ ಎಲ್ಲೆಲ್ಲಿ ವಲ್ಲಿ ಬಿದ್ದಾವು ಅಂತ ನೋಡ್ಕೋತೈತಿ. ಆ ಸೀಟ್ ಬ್ಯಾರೆ ಯಾರಿಗೂ ಕೊಡಂಗಿಲ್ಲ."

"ಇಷ್ಟ ಏನ?" ಅಂದು ಮಾಲಕರು ನಕ್ಕು, ನನ್ನ ಕಡೆ ತಿರುಗಿ, "ನೋಡಪಾ, ಹೇಳೂದು ಅಂದ್ರ ಹಿಂಗ ಹೇಳಬೇಕು" ಅಂದರು. ನಾನೂ ನಕ್ಕೆ. ಗದಗ ಬಸ್‌ಸ್ಟ್ಯಾಂಡಿನಲ್ಲಿ ನಾನು ಎಷ್ಟು ಸಲ ಟವೆಲ್ ಒಗೆದು ಸೀಟು ಹಿಡಿದಿಲ್ಲ! ಒಂಬತ್ತು ವರ್ಷದಲ್ಲಿ ಒಂದು ಸಲವೂ ನನಗೆ ಆ ಹೋಲಿಕೆ ಹೊಳೆದಿರಲಿಲ್ಲ.

ನನ್ನ ಹಳೆಯ ಪದ್ಧತಿ ಒರಟಾಗಿತ್ತು ಅನ್ನುವುದನ್ನೂ ಒಪ್ಪಿಕೊಳ್ಳಬೇಕು. ಬೋರ್ಡಿನಲ್ಲಿ ಇರುವ ಮೆಮೊರಿಗಿಂತ ಕಡಿಮೆ ಇದೆ ಅಂತ ನಾನು ಕರ್ನಲ್‌ಗೆ ಸುಳ್ಳು ಹೇಳಿ, ಕೊನೆಯ ತುಂಡನ್ನು ಬಚ್ಚಿಡುತ್ತಿದ್ದೆ. ಆಕೆ ಅದನ್ನು ಬಿಡಿಸಿ ಸರಿಯಾದ ದಾರಿಗೆ ತಂದಳು. ಬೋರ್ಡಿನಲ್ಲಿ ಏನೇನಿದೆ ಅಂತ ತಿಳಿಸುವ ಒಂದು ಪಟ್ಟಿಯನ್ನು ಕರ್ನಲ್ ಎಚ್ಚರಗೊಳ್ಳುತ್ತಲೇ ಓದುತ್ತದೆ. ಇಂಥ ವಿಳಾಸದಿಂದ ಇಷ್ಟು ಉದ್ದ, ಇಂಥವರಿಗೆ ಮೀಸಲು ಅಂತ ಅದರಲ್ಲೇ ಬರೆದರೆ, ಹಂಚಿಕೆ ಶುರುಮಾಡುವ ಮೊದಲೇ ಕರ್ನಲ್ ಆ ತುಂಡುಗಳನ್ನು ಪಕ್ಕಕ್ಕಿಡುತ್ತದೆ. ಆಕೆ ಇದನ್ನೆಲ್ಲ ಒಂದು ದೊಡ್ಡ ಹಾಳೆಯ ಮೇಲೆ ಚೌಕ ಚೌಕವಾಗಿ ಬರೆದು ಗೋಡೆಗೆ ಅಂಟಿಸಿದಳು. ಮೆಮೊರಿಯಲ್ಲಿ ಯಾರು ಜಾಗ ಹಿಡಿದರೂ ಅಲ್ಲಿ ಬರೆಯಬೇಕು ಎಂಬುದು ಆಕೆಯ ನಿಯಮ. ನನ್ನ ಕರ್ನಲ್‌ಗೆ ಗೋಡೆಯ ಮೇಲೆ ನಿಯಮ! ಆ ಹಾಳೆಯ ಮುಂದೆ ದಿನಕ್ಕೆ ಹತ್ತು ಸಲ ಓಡಾಡಿದರೂ ನಾನು ಒಂದು ಸಲವೂ ಅದರ ಕಡೆ ಕತ್ತು ತಿರುಗಿಸಲಿಲ್ಲ.

ಲಕ್ಷ್ಮೇಶ್ವರದ ಒಬ್ಬ ದಲಾಲಿ ಸಾಹುಕಾರರು ನಾಲ್ಕು ಕಾಟಾ ಕೊಂಡಿದ್ದರು. ಅವರದೊಂದು ತಕರಾರಿತ್ತು. ಬೆಳಿಗ್ಗೆ ಅಂಗಡಿ ತೆಗೆದು, ಕಾಟಾಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ ಸ್ವಿಚ್ ಒತ್ತಿದರೆ ಮೊದಲು ಕಾಣುವುದು ಕರಿ ಪರದೆ. ಅದರ ಮೇಲೆ ಬೆಳ್ಳನೆಯ ಇಂಗ್ಲಿಷ್ ಅಕ್ಷರಗಳು ಸರಸರ ಏರುತ್ತವೆ. ಅವು ಕರ್ನಲ್ ಎಚ್ಚರಗೊಳ್ಳುವಾಗ ಆಡುವ ಮಾತುಗಳು, ಯಾವ ಭಾಗ ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬ ವರದಿ.

"ಬೋಣಗಿ ಹೊತ್ತಿನ್ಯಾಗ ಕರೀದು ನೋಡಬಾರದ್ರಿ," ಅಂದಿದ್ದರು ಸಾಹುಕಾರರು. "ಮೊದಲ ಕಣ್ಣಿಗೆ ದೇವರ ಬೀಳಬೇಕು. ಆಮ್ಯಾಲ ನಿಮ್ಮ ಇಂಗ್ಲಿಷ್ ಏನರ ಬರಲಿ."

ಅದನ್ನು ನಾನು ಮಾಡಿಕೊಟ್ಟೆ. ನಂದಿಯ ಮೇಲೆ ಕೂತ ಶಿವ ಪಾರ್ವತಿಯರು, ಅವರ ಊರಿನ ಸೋಮೇಶ್ವರ. ಸ್ವಿಚ್ ಒತ್ತಿದ ಕೂಡಲೇ ಪಟ ಕಾಣಬೇಕಾದರೆ ಕರ್ನಲ್ ಏಳುವುದಕ್ಕೂ ಮೊದಲೇ ಅದನ್ನು ಮೆಮೊರಿಯಲ್ಲಿ ಬಿಡಿಸಿಡಬೇಕು, ಕರ್ನಲ್ ಎದ್ದ ಮೇಲೂ ಅದನ್ನು ಅಳಿಸಬಾರದು. ಅಂದರೆ ಪಟಕ್ಕೂ ಕಾಯ್ದಿರಿಸಿದ ಜಾಗ ಬೇಕು. ಸಣ್ಣ ಪರದೆಗೆ ಎರಡು ಎಂಬಿ ಸಾಕಿತ್ತು, ಅಷ್ಟು ಹಿಡಿದೆ. ಆಕೆಯ ತೂಕದ ತುಂಡು ಅದರ ಮಗ್ಗುಲಿಗೇ ಶುರುವಾಗುತ್ತಿತ್ತು. ಕರ್ನಲ್‌ನ ಮಾತುಗಳನ್ನು ತಗ್ಗಿಸಿದೆ. ಆದರೂ ದೋಷದ ಸಾಲುಗಳು ಮಾತ್ರ ಆಗಾಗ ಶಿವನ ಜಟೆಯ ಮೇಲೆ ಬಂದು ಕೂರುತ್ತಿದ್ದವು. ಅವನ್ನೂ ಪೂರ್ತಿ ಬಾಯಿ ಮುಚ್ಚಿಸಿದೆ. ಐದು ನಿಮಿಷ ತೂಕವಿಲ್ಲದೆ ಕಾಟಾ ಸುಮ್ಮನೆ ನಿಂತರೆ ಪಟ ತಾನಾಗಿ ಮರಳಿ ಬರುವಂತೆಯೂ ಮಾಡಿದೆ. ಸಾಹುಕಾರರು ಕೈಮುಗಿದರು. ಎಷ್ಟೋ ದಿನಗಳ ಮೇಲೆ ಮಾಲಕರು ನನ್ನ ಬೆನ್ನು ತಟ್ಟಿದರು.

ಬೆನ್ನು ತಟ್ಟಿಸಿಕೊಂಡ ಹುರುಪಿನಲ್ಲೇ ಮುಂದಿನದು ಆಯಿತು. ಸಾಹುಕಾರರಿಗೆ ಪರದೆ ಇನ್ನೂ ದೊಡ್ಡದು ಬೇಕಾಯಿತು, ಪಟದ ಕೆಳಗೆ ಅಂಗಡಿಯ ಹೆಸರು ಮತ್ತು ಅಂದಿನ ತಾರೀಖು ಬರಬೇಕು ಅಂದರು. ದೊಡ್ಡ ಪರದೆಗೆ ಎರಡು ಎಂಬಿ ಸಾಲುವುದಿಲ್ಲ. ದೊಡ್ಡ ಪರದೆಯ ಯಂತ್ರಗಳಿಗೆಂದು ಪಟ್ಟಿಯ ಬೇರೊಂದು ಪ್ರತಿ ಮಾಡಿ, ಅದರಲ್ಲಿ ಎರಡನ್ನು ನಾಲ್ಕು ಮಾಡಿದೆ. ಒಂದು ಅಂಕಿ ಅಷ್ಟೇ. ಮಗ್ಗುಲಲ್ಲಿ ಯಾರಿದ್ದಾರೆ ಅಂತ ನೋಡಬೇಕಿದ್ದರೆ ಗೋಡೆಯ ಹಾಳೆ ಎರಡು ಹೆಜ್ಜೆ ದೂರದಲ್ಲಿತ್ತು. ನೋಡಿದರೆ ಆಕೆಯ ನಿಯಮಕ್ಕೆ ತಲೆಬಾಗಿದ ಹಾಗೆ ಅಂತ ಅನ್ನಿಸಿತು. ನೋಡಲಿಲ್ಲ.

ಎಂಟು ದಿನಕ್ಕೆ ಸಾಹುಕಾರರ ಫೋನು ಬಂತು. ಕಾಟಾ ತಪ್ಪು ತೂಗುತ್ತಿದೆ, ಒಮ್ಮೆ ಎರಡು ಕೆಜಿ ಕಡಿಮೆ, ಒಮ್ಮೆ ಮೂರು ಕೆಜಿ ಹೆಚ್ಚು. ಶೇಂಗಾ ತಂದ ರೈತರು ಚೀಲ ಇಳಿಸುವುದನ್ನೇ ನಿಲ್ಲಿಸಿ ಕೂತಿದ್ದಾರೆ.

ತೂಕ ಅಂದ ಮೇಲೆ ತೂಕದ ಚಿಪ್. ಚಿಪ್ ಅಂದರೆ ಆಕೆ. ಮಾಲಕರಿಗೂ ಹಾಗೇ ಅನ್ನಿಸಿತು, ಸಾಹುಕಾರರಿಗೂ ಹಾಗೇ ಅನ್ನಿಸಿತು. ನನಗಂತೂ ಹಬ್ಬ. ಆಕೆಯೂ ನಾನೂ ಲಕ್ಷ್ಮೇಶ್ವರಕ್ಕೆ ಹೋದೆವು. ಸಾಹುಕಾರರು ಹತ್ತಾರು ಜನರ ಮುಂದೆ ಆಕೆಗೆ ಬೈದರು: "ಶಾಲಿ ಹುಡುಗರಿಗೆ ಪಾಠ ಹೇಳೂದು ಬ್ಯಾರೆ, ಕಾಟಾ ಮಾಡೂದು ಬ್ಯಾರೆ. ಹಳೇ ಕಾಟಾ ಎಷ್ಟ ಛಲೋ ಇದ್ದವು!" ಹಳೇ ಕಾಟಾ ಅಂದರೆ ನನ್ನದು. ನಾನು ಪಕ್ಕದಲ್ಲಿ ನಿಂತು ಬಹಳ ಗಂಭೀರವಾಗಿ ತಂತಿಗಳನ್ನು ನೋಡುತ್ತಿದ್ದೆ.

ಆಕೆ ಮುದ್ರೆ ಹೊಡೆದ ಇಪ್ಪತ್ತು ಕೆಜಿಯ ತೂಕದ ಕಲ್ಲುಗಳನ್ನು ತರಿಸಿದಳು. ಒಂದು, ಎರಡು, ಮೂರು ಕಲ್ಲು ಇಟ್ಟು, ತೆಗೆದು, ಮತ್ತೆ ಇಟ್ಟು ಎರಡು ತಾಸು ತೂಗಿದಳು. ಒಂದು ಸಲವೂ ತಪ್ಪಲಿಲ್ಲ. ಚಹಾ ಕುಡಿದು ಬಂದು ಮೊದಲ ಕಲ್ಲು ಇಟ್ಟರೆ ಎರಡು ಕೆಜಿ ಕಡಿಮೆ! ಮತ್ತೆ ಐದಾರು ಸಲ ತೂಗುವಷ್ಟರಲ್ಲಿ ತಾನೇ ಸರಿಹೋಯಿತು. ಹಲಗೆಯ ಕೆಳಗೆ ಭಾರ ಅಳೆಯುವ ಲೋಡ್‌ಸೆಲ್ ಬದಲಿಸಿದೆವು. ಅರ್ಥಿಂಗ್ ತಂತಿ ಹೊಸದು ಎಳೆದೆವು. ಬೆಟಗೇರಿಗೆ ಬಂದು ವರ್ಕ್‌ಶಾಪಿನ ಕಾಟಾದ ಮೇಲೆ ಇಡೀ ದಿನ ತೂಗಿದೆವು. ಅಲ್ಲಿದ್ದದ್ದು ಸಣ್ಣ ಪರದೆ, ತಪ್ಪು ಬರಲೇ ಇಲ್ಲ.

ಆಕೆ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ತೂಕದ ಹೊತ್ತು ಬರೆದಿಟ್ಟಿದ್ದಳು. ಅದರ ಮೇಲೆ ಬೆರಳಾಡಿಸುತ್ತ, "ಕಾಟಾ ಸುಮ್ಮನ ನಿಂತು ಎದ್ದ ಮ್ಯಾಲ ಅಷ್ಟ ತಪ್ಪು ಬರಾಕತ್ತೈತ್ರಿ," ಅಂದಳು. "ನನ್ನ ಚಿಪ್ ನಿದ್ದಿ ಮಾಡೂ ಭಾಗದಾಗ ಏನೋ ತಪ್ಪೈತಿ." ತಪ್ಪನ್ನು ಮೊದಲು ತನ್ನ ಮನೆಯಲ್ಲೇ ಹುಡುಕುವ ಸ್ವಭಾವ ಆಕೆಯದು. ನನ್ನದು ಹಾಗಲ್ಲ. ಎರಡು ದಿನ ಕೂತು ಆ ಭಾಗವನ್ನೆಲ್ಲ ಹೊಸದಾಗಿ ಬರೆದಳು. ಅದನ್ನು ಲಕ್ಷ್ಮೇಶ್ವರಕ್ಕೆ ಕಳಿಸಿ ಹಾಕಿಸಿದರೂ ಅಲ್ಲಿಯ ಕಾಟಾ ಹಾಗೇ ತಪ್ಪು ತೂಗಿತು. ನನಗೆ ಆಕೆಯ ಮುಖ ನೋಡಿ ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

"ಅಣ್ಣಾರ, ಕರ್ನಲ್ ಲಾಗ್ ಒಮ್ಮಿ ನೋಡಿರೇನ್ರಿ?" ಅಂತ ಕೇಳಿದಳು. ಕರ್ನಲ್ ಆಡಿದ ಮಾತುಗಳೆಲ್ಲ ಪರದೆಗೆ ಬರದಿದ್ದರೂ ಒಳಗೆ ದಾಖಲಾಗಿ ಉಳಿದಿರುತ್ತವೆ. ಕೇಬಲ್ ಹಚ್ಚಿ ಓದಬೇಕು, ಹತ್ತು ನಿಮಿಷದ ಕೆಲಸ.

"ನೋಡೀನಿ. ಎಲ್ಲಾ ಬರೋಬ್ಬರಿ ಐತಿ," ಅಂದೆ. ನೋಡಿರಲಿಲ್ಲ. ನನ್ನ ಕರ್ನಲ್ ಸರಿಯಾಗಿದೆ ಅಂತ ಆಕೆಗೆ ತೋರಿಸುವುದೇ ನನಗೆ ಅವಮಾನ ಅನ್ನಿಸಿತ್ತು.

ಎರಡನೇ ಸಲ ಲಕ್ಷ್ಮೇಶ್ವರಕ್ಕೆ ಹೋದದ್ದು ಒಂದು ಮಂಗಳವಾರ. ಆಕೆ ಇನ್ನೊಂದು ಕಾಟಾ ಬಿಚ್ಚಿಕೊಂಡು ಗೋದಾಮಿನ ಆ ತುದಿಯಲ್ಲಿ ಕೂತಿದ್ದಳು. ನಾನು ಇತ್ತ ತುದಿಯಲ್ಲಿ ಸುಮ್ಮನೆ ನಿಂತಿದ್ದೆ. ಮಾರುಕಟ್ಟೆಯ ಯಾರ್ಡಿನಲ್ಲಿ ಚೆಲ್ಲಿದ ಕಾಳು ಗುಡಿಸಿ ಒಟ್ಟುಮಾಡುವ ಅಜ್ಜಿಯೊಬ್ಬರು ಬಂದು ತಮ್ಮ ಬಿದಿರಿನ ಪುಟ್ಟಿಯನ್ನು ಕಾಟಾದ ಮೇಲಿಟ್ಟರು. ಪುಟ್ಟಿಯಲ್ಲಿ ಎರಡು ಕೆಜಿ ಕಾಳೂ ಇರಲಿಕ್ಕಿಲ್ಲ. ಐದು ಕೆಜಿಗಿಂತ ಕಡಿಮೆ ಇದ್ದರೆ ಪರದೆ ಪಟ ಬಿಟ್ಟು ತೂಕಕ್ಕೆ ಹೋಗುವುದಿಲ್ಲ, ಗಾಳಿಗೆ ಅಲುಗಿದರೂ ಪಟ ಹೋಗಬಾರದು ಅಂತ ನಾನೇ ಹಾಗೆ ಮಾಡಿಟ್ಟಿದ್ದೆ.

"ಅಜ್ಜಿ, ಇದರಾಗ ಅಷ್ಟ ಕಡಿಮಿ ತೂಕ ಕಾಣಂಗಿಲ್ಲ," ಅಂದೆ.

"ತೂಕ ಯಾರಿಗೆ ಬೇಕಾಗೈತೋ ಯಪ್ಪಾ," ಅಂದರು ಅಜ್ಜಿ. "ಪುಟ್ಟಿ ಇಟ್ರ ಬಸವಣ್ಣನ ಕಾಲಾಗ ಚುಕ್ಕಿ ಕುಣೀತಾವ. ಅದನ್ನ ನೋಡಾಕ ಇಡತೀನಿ ದಿನಾ. ನೋಡಲ್ಲೆ."

ನೋಡಿದೆ. ನಂದಿಯ ಗೊರಸುಗಳ ಕೆಳಗೆ, ಅಂಗಡಿಯ ಹೆಸರಿನ ಸುತ್ತ, ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು. ಪುಟ್ಟಿ ಇಟ್ಟಾಗ ಅವು ಮಿಣುಕಿ ಬದಲಾದವು, ತೆಗೆದಾಗ ಮತ್ತೆ ಬದಲಾದವು. ನಾನು ಕಾಲಿನ ಹೆಬ್ಬೆರಳಿನಿಂದ ಹಲಗೆಯನ್ನು ಹಗುರವಾಗಿ ಒತ್ತಿದೆ. ಚುಕ್ಕಿಗಳು ಕುಣಿದವು. ಬೇರೆಯವರೆಲ್ಲ ಮೂಟೆ ಇಡುವವರು; ಮೂಟೆ ಬಿದ್ದ ಕೂಡಲೇ ಪಟ ಮಾಯವಾಗುತ್ತಿತ್ತು. ಹಗುರ ಪುಟ್ಟಿ ಇಡುತ್ತಿದ್ದವರು ಅಜ್ಜಿಯೊಬ್ಬರೇ.

ತೂಕದ ಚಿಪ್ ಬರೆದದ್ದು ದೇವರ ಪಟದಲ್ಲಿ ಯಾಕೆ ಕಾಣಬೇಕು? ಅಲ್ಲೇ ಚೀಟಿಯ ಹಿಂಭಾಗದಲ್ಲಿ ಲೆಕ್ಕ ಹಾಕಿದೆ. ದೊಡ್ಡ ಪರದೆಯಲ್ಲಿ ಒಂದು ಗೆರೆಗೆ ಸಾವಿರದ ಇಪ್ಪತ್ನಾಲ್ಕು ಚುಕ್ಕಿ, ಚುಕ್ಕಿಗೆ ನಾಲ್ಕು ಬೈಟು, ಅಂದರೆ ಗೆರೆಗೆ ನಾಲ್ಕು ಕೆಬಿ. ಐನೂರ ಹನ್ನೆರಡು ಗೆರೆಗೆ ಸರಿಯಾಗಿ ಎರಡು ಎಂಬಿ. ಪರದೆಯಲ್ಲಿರುವುದು ಆರುನೂರು ಗೆರೆ. ಉಳಿದ ಎಂಬತ್ತೆಂಟು ಗೆರೆಗಳು, ಅಂದರೆ ನಂದಿಯ ಕಾಲು ಮತ್ತು ಅಂಗಡಿಯ ಹೆಸರು, ಬಿದ್ದದ್ದು ಮಗ್ಗುಲ ಮನೆಯಲ್ಲಿ, ಆಕೆಯ ತೂಕದ ತುಂಡಿನಲ್ಲಿ.

ಕೇಬಲ್ ಹಚ್ಚಿ ಲಾಗ್ ತೆರೆದೆ. ಶುರುವಿನಲ್ಲೇ, ದೊಡ್ಡ ಅಕ್ಷರಗಳಲ್ಲಿ, ಓವರ್‌ಲ್ಯಾಪ್ ಡಿಟೆಕ್ಟೆಡ್ ಅಂತ ಬರೆದಿತ್ತು. ಕಾಯ್ದಿರಿಸಿದ ಎರಡು ತುಂಡುಗಳು ಒಂದರ ಮೇಲೊಂದು ಬಿದ್ದಿವೆ ಎಂದು. ಅದರ ಮುಂದೆ ಎರಡು ಹೆಸರು, ನನ್ನ ಪಟದ್ದು ಮತ್ತು ಆಕೆಯ ತೂಕದ್ದು. ಮೊದಲ ದಿನದಿಂದ ಕರ್ನಲ್ ಇದನ್ನು ಕೂಗಿ ಹೇಳುತ್ತಿತ್ತು. ಅದರ ಬಾಯಿಗೆ ನಾನೇ ದೇವರ ಪಟ ಅಡ್ಡ ಹಿಡಿದಿದ್ದೆ.

ಒಂಬತ್ತು ವರ್ಷ ಕರ್ನಲ್ ಜೊತೆ ಕಳೆದವನಿಗೆ ಆ ದಿನ ಒಂದು ವಿಷಯ ಸರಿಯಾಗಿ ಅರ್ಥವಾಯಿತು. ಕಾಯ್ದಿರಿಸುವುದು ಅಂದರೆ ಬೀಗ ಹಾಕುವುದಲ್ಲ. ಆ ಜಾಗವನ್ನು ಬೇರೆ ಯಾರಿಗೂ ಹಂಚುವುದಿಲ್ಲ ಅಂತ ಮಾತ್ರ ಕರ್ನಲ್ ಮಾತು ಕೊಡುತ್ತದೆ. ಒಂದೇ ಸೀಟಿನ ಮೇಲೆ ಇಬ್ಬರು ಟವೆಲ್ ಒಗೆದಿದ್ದರೆ, "ಇಲ್ಲಿ ಎರಡು ಬಿದ್ದಾವು" ಅಂತ ಒಂದು ಸಲ ಕೂಗಿ ಗಾಡಿ ಬಿಡುತ್ತದೆ. ಜಗಳ ಬಿಡಿಸುವುದು ಅದರ ಕೆಲಸವಲ್ಲ. ಕಾಟಾ ಸುಮ್ಮನೆ ನಿಂತಾಗಲೆಲ್ಲ ನನ್ನ ಪ್ರೋಗ್ರಾಮು ಅಂಗಡಿಯ ಹೆಸರು, ತಾರೀಖು ಹೊಸದಾಗಿ ಬರೆಯುತ್ತಿತ್ತು. ಬರೆಯುತ್ತಿದ್ದದ್ದು ಆಕೆಯ ತುಂಡಿನ ಮೊದಲ ಭಾಗದಲ್ಲಿ. ಖಾಲಿ ಹಲಗೆಯ ತೂಕ ಎಷ್ಟು ಅಂತ ಚಿಪ್ ನೆನಪಿಟ್ಟುಕೊಂಡದ್ದು ಅಲ್ಲೇ. ಬಣ್ಣದ ಅಂಕಿಗಳನ್ನು ಅದು ಖಾಲಿ ತೂಕ ಅಂದುಕೊಳ್ಳುತ್ತಿತ್ತು. ಒಂದೊಂದು ಚೀಲ ಇಳಿಸಿದಾಗಲೂ ಆ ಖಾಲಿ ತೂಕವನ್ನು ತುಸು ತುಸು ತಿದ್ದಿಕೊಳ್ಳುತ್ತಿದ್ದರಿಂದ ಐದಾರು ತೂಕಕ್ಕೆ ತಾನೇ ಸರಿಹೋಗುತ್ತಿತ್ತು. ಖಾಲಿ ತೂಕ ಮೂರು ಕೆಜಿ ಮೀರಿ ಸರಿಯಬಾರದು ಅಂತ ಆಕೆ ಮಿತಿ ಹಾಕಿದ್ದಕ್ಕೆ ತಪ್ಪು ಅಷ್ಟಕ್ಕೇ ನಿಂತಿತ್ತು. ಇಲ್ಲದಿದ್ದರೆ ಶೇಂಗಾ ಚೀಲ ಆನೆಯಷ್ಟು ತೂಗುತ್ತಿತ್ತೋ ಏನೋ.

ಗೋದಾಮಿನ ಆ ತುದಿಯಲ್ಲಿ ಆಕೆ ಬಗ್ಗಿ ಕೂತು ತನ್ನ ತಪ್ಪು ಹುಡುಕುತ್ತಿದ್ದಳು. ಕರೆದು ತೋರಿಸಬಹುದಿತ್ತು. ನಾನು ಲ್ಯಾಪ್‌ಟಾಪ್ ತುಸು ಆಚೆ ತಿರುಗಿಸಿಕೊಂಡೆ. ಪಟದ ಜಾಗವನ್ನು ದೂರದ ಬೇರೆ ವಿಳಾಸಕ್ಕೆ ಒಯ್ದು, ನಾಲ್ಕೂ ಕಾಟಾಕ್ಕೆ ಹೊಸ ಪಟ್ಟಿ ಹಾಕಿದೆ. ಏನು ಮಾಡುತ್ತಿದ್ದೀರಿ ಅಂತ ಆಕೆ ಕೇಳಿದಾಗ, "ಪಟ ಮಸುಕಾಗಿತ್ತು, ಹೊಸಾದು ಹಾಕಿದೆ" ಅಂದೆ. ಚುಕ್ಕಿ ಹೋದವು. ತೂಕ ಸರಿಯಾಯಿತು. ಚುಕ್ಕಿ ಕಾಣದ್ದಕ್ಕೆ ಬೇಸರವಾದದ್ದು ಆ ಅಜ್ಜಿಗೆ ಮಾತ್ರ.

ತಪ್ಪು ನನ್ನದು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಕೆಟ್ಟ ಹೆಸರು ಆಕೆಗೆ ಉಳಿಯುತ್ತದೆ ಎಂಬುದು ನನ್ನ ಎಣಿಕೆ. ಅದು ಉಲ್ಟಾ ಹೊಡೆಯಿತು. ಆಕೆ ಬುಧವಾರ, ಗುರುವಾರ ಎರಡು ದಿನ ಬಿಸಿಲಲ್ಲಿ ನಿಂತು ನಾಲ್ಕೂ ಕಾಟಾಗಳನ್ನು ಮತ್ತೆ ಮತ್ತೆ ತೂಗಿ ನೋಡಿದಳು. ಎಲ್ಲಾ ಸರಿ. ನೋಡಿದವರಿಗೆಲ್ಲ ಆಕೆಯೇ ಸರಿಮಾಡಿದ್ದು ಅಂತ ಅನ್ನಿಸಿತು. ಬೈದಿದ್ದ ಸಾಹುಕಾರರೇ ಮಾಲಕರಿಗೆ ಫೋನು ಮಾಡಿ, "ನಿಮ್ಮ ಆ ಬಾಯಾರ ಭಾಳ ಶ್ಯಾಣೇರದಾರ" ಅಂದರಂತೆ. ನನ್ನ ಕೈಕೆಲಸಕ್ಕೆ ಆಕೆಗೆ ಹೂಮಾಲೆ! ನಾನು ಮಾಡಿದ ದುರಸ್ತಿ ನನ್ನದು ಅಂತ ಹೇಳಬೇಕಾದರೆ ಕೆಡಿಸಿದ್ದೂ ನನ್ನದು ಅಂತ ಹೇಳಬೇಕು. ಮೂರು ದಿನ ಆ ಉರಿಯಲ್ಲೇ ಬೆಂದೆ.

ಸೋಮವಾರ ಬೆಳಿಗ್ಗೆ ಮಾಲಕರು ಇಬ್ಬರನ್ನೂ ಕೂಡಿಸಿದರು. ಶಿರಹಟ್ಟಿಗೂ ಮುಂಡರಗಿಗೂ ಹೊಸ ಕಾಟಾಗಳು ಹೋಗಬೇಕಿತ್ತು. ಕಾಟಾ ಹೊರಡುವ ಮೊದಲು ತೂಕದ ಭಾಗ ಮಾಡಿದವರು ತಪಾಸಣೆಯ ಹಾಳೆಗೆ ಸಹಿ ಹಾಕಬೇಕು, ಅದು ನಮ್ಮಲ್ಲಿಯ ಪದ್ಧತಿ.

"ನಾ ಹೇಳಿರಲಿಲ್ಲೇನು? ಈಕಿ ಕೈ ಹಚ್ಚಿದ್ರ ಮುಗೀತು," ಅಂದರು ಮಾಲಕರು. "ಸಹಿ ಮಾಡವಾ ತಂಗಿ."

ಆಕೆ ಪೆನ್ನು ಹಿಡಿಯಲಿಲ್ಲ. "ಕಾಟಾ ಸರಿ ಆಗೈತ್ರಿ, ಖರೆ. ಯಾಕ ಸರಿ ಆತು ಅನ್ನೂದು ನನಗ ಗೊತ್ತಿಲ್ಲ. ನಾ ಬರದಿದ್ದು ಹೊಸಾದನ್ನ ತಗದು, ಹಳೇದನ್ನ ತಿರಗಿ ಹಾಕಿ ನೋಡಿದ್ನಿ. ಆವಾಗೂ ತಪ್ಪು ಬರವಲ್ದು. ಅಂದ್ರ ಸರಿ ಮಾಡಿದಾಕಿ ನಾ ಅಲ್ರಿ."

"ಸರಿ ಆಗೈತಿಲ್ಲ, ಬಿಡು ಅತ್ಲಾಗ."

"ತಪ್ಪು ಎಲ್ಲೋ ಕುಂತೈತ್ರಿ ಸರ್. ನಾಳೆ ಮುಂಡರಗ್ಯಾಗ ಏಳತೈತಿ. ಯಾವನೋ ರೈತನ ಚೀಲದಾಗ ಮೂರು ಕೆಜಿ ಹೋಗತೈತಿ. ನನ್ನ ಚಿಪ್ ತಗದುಬಿಡ್ರಿ. ಅಣ್ಣಾರ ಹಳೇ ಪದ್ಧತೀನ ಇರಲಿ."

ಒಂದು ವರ್ಷ ಹಗಲೆಲ್ಲ ಕೂತು ಮಾಡಿದ ಕೆಲಸವನ್ನು ತಾನೇ ಕಿತ್ತು ಹಾಕಲು ಹೊರಟಿದ್ದಳು. ಮಾಲಕರು ನನ್ನ ಕಡೆ ತಿರುಗಿದರು: "ಏನಪಾ, ಹಳೇದನ್ನ ಹಾಕಾಕ ಎಷ್ಟ ದಿನ ಬೇಕು?"

ಎರಡು ದಿನ ಅಂದಿದ್ದರೆ ಸಾಕಿತ್ತು. ಕರ್ನಲ್ ಮತ್ತೆ ನನ್ನೊಬ್ಬನದಾಗುತ್ತಿತ್ತು. ಗೋಡೆಯ ಹಾಳೆಯೂ ಇಳಿಯುತ್ತಿತ್ತು. ಒಂದು ವರ್ಷದಿಂದ ನಾನು ಬಯಸಿದ್ದೆಲ್ಲ ತಾನಾಗಿ ಮಡಿಲಿಗೆ ಬಂದು ಬಿದ್ದಿತ್ತು. ಆದರೆ ಆಗ ಎದ್ದ ಹೊಟ್ಟೆಕಿಚ್ಚು ಈವರೆಗಿನದಲ್ಲ. ಕೆಟ್ಟದ್ದು ಸರಿಯಾದ ಮೇಲೆ, ಯಾಕೆ ಸರಿಯಾಯಿತು ಅಂತ ತಿಳಿಯುವುದಕ್ಕೆ ಮತ್ತೆ ಹಳೆಯದನ್ನು ಹಾಕಿ ನೋಡುವ ಕೆಲಸ ನಾನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಮಾಡಿಲ್ಲ. ನನ್ನ ಕಾಟಾ ಸರಿ ತೂಗಿತು ಅಂದರೆ ನಾನು ಡಬ್ಬಿ ಮುಚ್ಚಿ ಮನೆಗೆ ಹೋಗುವವನು. ಹೊಗಳಿಕೆಯಲ್ಲಿ ಆಕೆ ನನ್ನನ್ನು ಮೀರಿದ್ದನ್ನು ಹೇಗೋ ನುಂಗಿಕೊಂಡಿದ್ದೆ. ಇದನ್ನು ನುಂಗಲು ಆಗಲಿಲ್ಲ. ನನ್ನೊಳಗೆ ದೊಡ್ಡತನ ಉಕ್ಕಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆಕೆ ಹುಡುಕುತ್ತಿದ್ದ ಉತ್ತರ ನನ್ನ ಹತ್ತಿರ ಇದೆ ಅಂತ ಆಕೆಗೆ ಗೊತ್ತಾಗಬೇಕು ಅನ್ನಿಸಿತು.

"ಸರಿ ಮಾಡಿದಾಂವ ನಾನ್ರಿ," ಅಂದೆ. "ಕೆಡಿಸಿದಾಂವಾನೂ ನಾನ."

ಲ್ಯಾಪ್‌ಟಾಪ್ ತೆರೆದು ಮಂಗಳವಾರ ಉಳಿಸಿಟ್ಟಿದ್ದ ಲಾಗ್ ತೋರಿಸಿದೆ. ಎರಡನ್ನು ನಾಲ್ಕು ಮಾಡಿದ್ದು, ಎಂಬತ್ತೆಂಟು ಗೆರೆ, ಅಜ್ಜಿಯ ಪುಟ್ಟಿ, ಎಲ್ಲ ಹೇಳಿದೆ. ಮಾಲಕರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಕುರ್ಚಿ ಹಿಂದಕ್ಕೆ ನೂಕಿ ಎದ್ದು ನಿಂತರು.

"ಮಂಗಳವಾರ ಗೊತ್ತಾಗೈತಿ ನಿನಗ! ಆ ಹುಡುಗಿ ಎರಡು ದಿನ ಬಿಸಿಲಾಗ ಕಲ್ಲು ಹೊತ್ತಾಳ! ಮಾನ ಮರ್ಯಾದಿ ಐತೇನ ನಿನಗ? ವಯಸ್ಸೇನ, ಮಾಡೂ ಕೆಲಸೇನ?" ಅಂತ ಶುರುವಾದದ್ದು ಹೊರಗೆ ಬೆಸುಗೆ ಹಾಕುತ್ತಿದ್ದವರೂ ಕೈ ನಿಲ್ಲಿಸುವವರೆಗೆ ನಡೆಯಿತು. ಆಕೆ ಅವರನ್ನು ತಡೆಯಲೂ ಇಲ್ಲ, ಒಂದು ಮಾತು ಸೇರಿಸಲೂ ಇಲ್ಲ. ಲ್ಯಾಪ್‌ಟಾಪಿನ ಮುಂದೆ ಕೂತು ಆ ಲಾಗನ್ನೇ ಓದುತ್ತಿದ್ದಳು. ಬಯ್ಗುಳ ಮುಗಿದ ಮೇಲೆ, ತಲೆ ಎತ್ತದೆ ಒಂದೇ ಮಾತು ಕೇಳಿದಳು: "ಲಾಗ್ ನೋಡೀನಿ ಅಂದಿದ್ರಿ."

"ನೋಡಿರಲಿಲ್ಲ," ಅಂದೆ.

ಆ ವಾರವೇ ಕರ್ನಲ್‌ನ ಪಟ್ಟಿಗಳೆಲ್ಲ ಆಕೆಯ ಕೈಗೆ ಹೋದವು. ಈಗ ನಾನು ಒಂದು ಅಂಕಿ ಬದಲಿಸಿದರೂ ಆಕೆ ನೋಡಿ ಒಪ್ಪಬೇಕು. ಕಾಯ್ದಿರಿಸಿದ ತುಂಡುಗಳು ಒಂದರ ಮೇಲೊಂದು ಬಿದ್ದಿವೆ ಅಂತ ಕರ್ನಲ್ ಹೇಳಿದರೆ ದೇವರ ಪಟವೂ ಬರುವುದಿಲ್ಲ, ಕಾಟಾ ತೂಗುವುದೂ ಇಲ್ಲ. ಪರದೆಯ ಮೇಲೆ ಕನ್ನಡದಲ್ಲಿ ಆ ದೋಷವೇ ಬರುತ್ತದೆ. ಲಕ್ಷ್ಮೇಶ್ವರಕ್ಕೆ ಹೋಗಿ ಸಾಹುಕಾರರಿಗೆ ನಾನೇ ಹೇಳಿಬಂದೆ. ಕಾಟಾ ಸುಮ್ಮನಿದ್ದು ಎದ್ದ ಮೇಲೆ ತೂಗಿದ ಚೀಟಿಗಳನ್ನೆಲ್ಲ ಯಂತ್ರದಿಂದ ಆರಿಸಿ ಕೊಟ್ಟೆ. ಲೆಕ್ಕ ತಿದ್ದಲು ಯಾವ ರೈತರನ್ನು ಕರೆಸಬೇಕು ಅಂತ ಅವರಿಗೆ ಗೊತ್ತಾಯಿತು. ಅವರು ನನಗೆ ಚಹಾ ಕೊಡಲಿಲ್ಲ.

ಶಿರಹಟ್ಟಿಯಲ್ಲಿ ಮೊದಲ ಕಾಟಾ ಇಳಿಸಿದ ದಿನ ಕರೆಂಟು ಹೋಗಿತ್ತು. ಬರುವವರೆಗೆ ಏನೂ ಕೆಲಸವಿಲ್ಲ. ಇಬ್ಬರೂ ಗೋದಾಮಿನ ಕಟ್ಟೆಯ ಮೇಲೆ ತುಸು ದೂರ ದೂರ ಕೂತಿದ್ದೆವು. ಆ ಸೋಮವಾರದಿಂದ ಆಕೆ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಆ ದಿನ ಅಂಗಡಿಯವರು ಕೊಟ್ಟ ಚಹಾ ಕುಡಿದು ಕಪ್ಪು ಕೆಳಗಿಟ್ಟು ಕೇಳಿದಳು.

"ಅಣ್ಣಾರ, ಒಂದ ಮಾತ ಕೇಳ್ತೀನಿ. ಖರೆ ಹೇಳಬೇಕು."

"ಕೇಳ್ರಿ."

"ಲಕ್ಷ್ಮೇಶ್ವರದಾಗ ಸಾವ್ಕಾರ್ರು ಎಲ್ಲಾರ ಮುಂದ ನನಗ ಬೈದ್ರಲ್ಲ, ಆವಾಗ ನಿಮಗ ಛಲೋ ಅನಿಸಿತ್ತೇನ್ರಿ?"

ಇಲ್ಲ ಅನ್ನಲು ಬಾಯಿ ತೆರೆದೆ. ಆ ಸುಳ್ಳು ಆಕೆಯ ಮುಂದೆ ನಿಲ್ಲುವಂಥದ್ದಲ್ಲ.

"ಹೂಂ," ಅಂದೆ. "ಭಾಳ ಛಲೋ ಅನಿಸಿತ್ತು."

ಆಕೆ ಖಾಲಿ ಕಪ್ಪನ್ನು ಕಟ್ಟೆಯ ಅಂಚಿಗೆ ಸರಿಸಿದಳು.

"ನಿಮಗ ಮಾಲಕರು ಬೈದಾಗ ನನಗೂ ಅನಿಸಿತ್ರಿ," ಅಂದಳು. "ಲಾಗಿನ್ಯಾಗ ಓದೂದು ಏನಿತ್ತು, ಒಂದ ಸಾಲು. ಇನ್ನೊಂದಿಷ್ಟು ಬೈಲಿ ಅಂತ ಓದಿದಂಗ ಮಾಡ್ಕೋತ ಕುಂತಿದ್ನಿ."